ಆಪರೇಷನ್‌ಗೆ ಮುಂಚೆ ನಾವು ಜಾತಿ ಕೇಳುವುದು ಯಾಕೆ?

ಅರಿವಳಿಕೆ ಕೊಡುವ ಡಾಕ್ಟರಾಗಿ ನಾನು ಕೇಳುವ ಒಂದು ಪ್ರಶ್ನೆ ಕೆಲವರಿಗೆ ಕಸಿವಿಸಿ ತರುತ್ತದೆ. "ನೀವು ಆರ್ಯವೈಶ್ಯರಾ?" ಆಸ್ಪತ್ರೆಯಲ್ಲೂ ಜಾತಿಯಾ ಅಂತ ಬೇಜಾರಾಗುವುದು ಸಹಜ. ಆದರೂ ನಾನು ಕೇಳದೆ ಬಿಡುವುದಿಲ್ಲ.

ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕಬೇಕಾದರೆ ಸ್ನಾಯುಗಳು ಸಡಿಲವಾಗಬೇಕು. ತುರ್ತು ಸಿಸೇರಿಯನ್, ಊಟ ಮಾಡಿ ಬಂದವರಿಗೆ ತಕ್ಷಣ ಆಪರೇಷನ್, ಇಂಥ ಹೊತ್ತಲ್ಲಿ ಸ್ಕೋಲಿನ್ ಎಂಬ ಇಂಜೆಕ್ಷನ್ ಈಗಲೂ ಬಳಕೆಯಲ್ಲಿದೆ. ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ, ಐದು-ಹತ್ತು ನಿಮಿಷದಲ್ಲಿ ಇಳಿದುಹೋಗುತ್ತದೆ. ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ಇರುವುದಿಲ್ಲ. ದಿನದ ಬದುಕಿಗೆ ಅದರಿಂದ ಏನೂ ತೊಂದರೆ ಇಲ್ಲ, ಹಾಗಾಗಿ ಅವರಿಗೇ ಗೊತ್ತಿರುವುದಿಲ್ಲ. ಸ್ಕೋಲಿನ್ ಕೊಟ್ಟ ಮೇಲೆ ಮಾತ್ರ, ಆಪರೇಷನ್ ಮುಗಿದರೂ ಕೈಕಾಲು ಆಡದೆ, ಸ್ವಂತ ಉಸಿರು ಬಾರದೆ ಗಂಟೆಗಟ್ಟಲೆ ಹಾಗೇ ಇರುತ್ತಾರೆ. ನಿದ್ದೆಯ ಮದ್ದು ಮುಂದುವರಿಸಿ, ವೆಂಟಿಲೇಟರ್ ಮೇಲಿಟ್ಟು ಕಾದರೆ ತಾನಾಗಿಯೇ ಇಳಿಯುತ್ತದೆ. ವೆಂಟಿಲೇಟರ್ ಇಲ್ಲದ ಸಣ್ಣ ಆಸ್ಪತ್ರೆಯಾದರೆ? ಭಯ ಅಲ್ಲೇ ಇರುವುದು.

ವೈಶ್ಯರಲ್ಲಿ ಇದು ಜಾಸ್ತಿ ಎಂದು ಅರಿವಳಿಕೆ ಡಾಕ್ಟರುಗಳಿಗೆ ಅನುಭವದಿಂದಲೇ ಗೊತ್ತಿತ್ತು. ಯಾಕೆ ಎಂಬುದನ್ನು ತೋರಿಸಿದ್ದು ಜೀನ್ ಅಧ್ಯಯನ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೀಚ್ ಮತ್ತು ಜೊತೆಗಾರರು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಡಿಎನ್‌ಎ ಹೋಲಿಸಿ ನೋಡಿದರು. ಒಂದು ಕಾಲಕ್ಕೆ ಸ್ವಲ್ಪವೇ ಜನರಿದ್ದ ಗುಂಪು, ಆಮೇಲೆ ತಲೆಮಾರುಗಟ್ಟಲೆ ತಮ್ಮೊಳಗೇ ಹೆಣ್ಣು ಕೊಟ್ಟು ತಂದು ಲಕ್ಷಾಂತರವಾಗಿ ಬೆಳೆದರೆ, ಆ ಮೊದಲಿನ ಕೆಲವರಲ್ಲಿದ್ದ ಜೀನ್ ದೋಷವೂ ಅವರ ಜೊತೆಗೇ ಹರಡುತ್ತದೆ. ವೈಶ್ಯರಲ್ಲಿ ಆಗಿದ್ದು ಅದೇ. ಈ ಕಿಣ್ವದ ಕೊರತೆ ಅವರಲ್ಲಿ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಹಾಗಂತ ಇದು ಅವರೊಬ್ಬರ ಕಥೆಯಲ್ಲ. 81 ಸಮುದಾಯಗಳ ಡಿಎನ್‌ಎಯಲ್ಲಿ, ಹೀಗೆ ಸ್ವಲ್ಪವೇ ಜನರಿಂದ ಬೆಳೆದುಬಂದ ಗುರುತು, ಜೀನ್ ಕಾಯಿಲೆಗಳ ಪಾಠದಲ್ಲಿ ಯಾವಾಗಲೂ ಹೆಸರು ಬರುವ ಫಿನ್ಲೆಂಡಿನವರಿಗಿಂತಲೂ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತಲೂ ಗಾಢವಾಗಿತ್ತು. ಆ ಯಹೂದಿಗಳಲ್ಲಿ ಮದುವೆಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಟೇ-ಸ್ಯಾಕ್ಸ್ ಎಂಬ, ಹುಟ್ಟುವ ಮಕ್ಕಳಿಗೆ ಬರುವ ಭೀಕರ ಜೀನ್ ಕಾಯಿಲೆಯನ್ನು ತುಂಬಾ ಕಡಿಮೆ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಜಾತಕಕ್ಕೆ ಕೊಡುವ ಸಮಯದಲ್ಲಿ ಸ್ವಲ್ಪ ಇದಕ್ಕೂ ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗೋತ್ರ ಬೇರೆ ಇದ್ದರೆ ಸಾಕಲ್ವಾ? ಸಾಲದು. ಗೋತ್ರ ತಪ್ಪಿಸುವುದು ತಂದೆಯ ಕಡೆಯ ನಂಟನ್ನು ಮಾತ್ರ. ಸೋದರಮಾವನ ಮಗಳನ್ನು ತರುವ ರೂಢಿಯಂತೂ ನಮ್ಮಲ್ಲಿ ಇದ್ದೇ ಇದೆ. ನೆಂಟಸ್ತಿಕೆಯೇ ಇಲ್ಲ ಅಂದುಕೊಂಡ ಇಬ್ಬರಲ್ಲೂ ಅದೇ ದೋಷದ ಜೀನ್ ಇರಬಹುದು. ಅದು ಇಬ್ಬರಿಂದಲೂ ಬಂದರೆ ಮಗುವಿಗೆ ಕೊರತೆ.

ನೀವು ಯಾವ ಜಾತಿಯವರೇ ಆಗಿರಿ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರಲು ತಡವಾಗಿತ್ತಾ ಅಂತ ಹಿರಿಯರನ್ನು ಕೇಳಿ. ಆಗಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ, ನಾವು ಬೇರೆ ಮದ್ದು ಬಳಸುತ್ತೇವೆ. ಕಿಣ್ವದ ಮಟ್ಟ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಒಬ್ಬರಿಗೆ ಕೊರತೆ ಇದ್ದರೆ ಒಡಹುಟ್ಟಿದವರೂ ಮಾಡಿಸಿಕೊಳ್ಳಬೇಕು, ಯಾಕೆಂದರೆ ಅವರಲ್ಲಿ ಪ್ರತಿಯೊಬ್ಬರಿಗೂ ಕಡಿಮೆಯೆಂದರೂ ನಾಲ್ಕರಲ್ಲೊಂದು ಸಾಧ್ಯತೆ ಇರುತ್ತದೆ. ರಿಪೋರ್ಟನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಜೊತೆಗೆ ಬರುವವರಿಗೂ ತಿಳಿಸಿರಿ.