ಇನ್‌ಕ್ಯುಬೇಟರ್ ಕೊಳ್ಳುವ ಮೊದಲು ಕೋಣೆಯ ಬಿಸಿಯನ್ನು ಅಳೆಯಿರಿ

ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ, ಜೀವಿಗಳನ್ನು ಒಂದೇ ತಾಪಮಾನದಲ್ಲಿ ಇಟ್ಟು ಬೆಳೆಸುವ ಪೆಟ್ಟಿಗೆಯಾದ ಇನ್‌ಕ್ಯುಬೇಟರ್ ಕೊಳ್ಳಲು ಸಲಹೆ ಕೇಳುವವರು ಸಾಮಾನ್ಯವಾಗಿ ಎಷ್ಟು ಲೀಟರಿನದು, ಯಾವ ಕಂಪನಿಯದು ಎಂಬಲ್ಲಿಂದ ಮಾತು ಆರಂಭಿಸುತ್ತಾರೆ. ನಾನು ಮೊದಲು ತಿಳಿಯಬಯಸುವುದು ಬೇರೆ: ನಿಮ್ಮ ಪರೀಕ್ಷೆಗಳಿಗೆ ಬೇಕಾದ ತಾಪಮಾನ ಎಷ್ಟು, ಮತ್ತು ಯಂತ್ರವನ್ನು ಇಡುವ ಕೋಣೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಎಷ್ಟು ಕಾಯುತ್ತದೆ?

ಬೆಂಗಳೂರು ತಂಪು ಊರು ಎಂಬ ಹಳೆಯ ನಂಬಿಕೆ ಇಲ್ಲಿ ನಮಗೆ ತೊಂದರೆ ಕೊಡುತ್ತದೆ. ಸಾದಾ ಇನ್‌ಕ್ಯುಬೇಟರಿನಲ್ಲಿ ಹೀಟರ್ ಮಾತ್ರ ಇರುತ್ತದೆ. ಸುತ್ತಲಿನ ಕೋಣೆಗಿಂತ ಸುಮಾರು 5 ಡಿಗ್ರಿಯಾದರೂ ಹೆಚ್ಚಿರುವ ತಾಪಮಾನವನ್ನಷ್ಟೇ ಅದು ಸ್ಥಿರವಾಗಿ ಕಾಪಾಡಬಲ್ಲದು. ಕೆಲವು ವರ್ಷಗಳ ಹಿಂದೆ ಪೀಣ್ಯದ ಆಹಾರ ಪರೀಕ್ಷಾ ಪ್ರಯೋಗಾಲಯವೊಂದರವರು ನನ್ನನ್ನು ಕರೆಸಿಕೊಂಡಿದ್ದರು. ಒಟ್ಟು ಬ್ಯಾಕ್ಟೀರಿಯಾ ಎಣಿಕೆಗಾಗಿ 30 ಡಿಗ್ರಿಗೆ ಹೊಂದಿಸಿದ್ದ ಅವರ ಸಾದಾ ಇನ್‌ಕ್ಯುಬೇಟರ್ ಡಿಸೆಂಬರಿನಲ್ಲಿ ಸರಿಯಾಗಿ ನಡೆದು, ಏಪ್ರಿಲಿನಲ್ಲಿ 34 ಡಿಗ್ರಿ ತೋರಿಸುತ್ತಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದಲ್ಲೇ ಬಿಸಿ ಹಬೆಯಿಂದ ಉಪಕರಣಗಳನ್ನು ಕ್ರಿಮಿರಹಿತ ಮಾಡುವ ಆಟೋಕ್ಲೇವ್ ಇದ್ದ ಆ ಕೋಣೆಯೇ 33 ಡಿಗ್ರಿ ಮುಟ್ಟಿತ್ತು, ತಂಪು ಮಾಡುವ ಏರ್ಪಾಡಿಲ್ಲದ ಪೆಟ್ಟಿಗೆ ಅದಕ್ಕಿಂತ ಕೆಳಗೆ ಇಳಿಯುವ ದಾರಿಯೇ ಇರಲಿಲ್ಲ. ಎರಡು ವಾರದ ಫಲಿತಾಂಶಗಳನ್ನು ಕೈಬಿಡಬೇಕಾಯಿತು. ಅಷ್ಟೂ ಮಾದರಿಗಳ ಹಿಂದೆ ದುಡಿದಿದ್ದ ಹುಡುಗಿಯರ ಮುಖ ನನಗೆ ಇಂದಿಗೂ ನೆನಪಿದೆ.

ಆದ್ದರಿಂದ 37 ಡಿಗ್ರಿಯಲ್ಲಿ ರೋಗಾಣುಗಳನ್ನು ಬೆಳೆಸುವ ಆಸ್ಪತ್ರೆಯ ಪ್ರಯೋಗಾಲಯಕ್ಕೆ, ಕೋಣೆ ತೀರಾ ಕಾಯದಿದ್ದರೆ, ಸಾದಾ ಯಂತ್ರ ಸಾಕು. 30 ಡಿಗ್ರಿಯ ಎಣಿಕೆಗೆ, 25 ಡಿಗ್ರಿಯಲ್ಲಿ ಬೆಳೆಯುವ ಯೀಸ್ಟ್ ಮತ್ತು ಬೂಸ್ಟಿನ ಪರೀಕ್ಷೆಗೆ ತಂಪು ಮಾಡುವ ಕಂಪ್ರೆಸರ್ ಇರುವ, ನಮ್ಮಲ್ಲಿ ಎಲ್ಲರೂ ಬಿಓಡಿ ಇನ್‌ಕ್ಯುಬೇಟರ್ ಎಂದೇ ಕರೆಯುವ ಯಂತ್ರವೇ ಬೇಕು. ಕೊಳಚೆ ನೀರಿನ ಜೈವಿಕ ಆಮ್ಲಜನಕ ಬೇಡಿಕೆಯನ್ನು (ಬಿಓಡಿ) 20 ಡಿಗ್ರಿಯಲ್ಲಿ 5 ದಿನ ಇಟ್ಟು ಅಳೆಯುವ ಪರೀಕ್ಷೆಯಿಂದ ಆ ಹೆಸರು ಬಂದಿದೆ. ಭಾರತೀಯ ಮಾನಕ ಸಂಸ್ಥೆಯ ವಿಧಾನದಲ್ಲಿ ಅದು 27 ಡಿಗ್ರಿ, 3 ದಿನ. ನಮ್ಮ ಹವೆಗೆ ಹೊಂದುವ ಈ ತಾಪಮಾನಕ್ಕೂ ಬೇಸಿಗೆಯಲ್ಲಿ ಕಂಪ್ರೆಸರ್ ಬೇಕಾಗುತ್ತದೆ ಎಂಬುದನ್ನು ಗಮನಿಸಿ. ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಪರೀಕ್ಷೆಗಾಗಿ 44.5 ಡಿಗ್ರಿಯನ್ನು 0.2 ಡಿಗ್ರಿಯ ಮಿತಿಯೊಳಗೆ ಕಾಪಾಡುವ ಕೆಲಸವನ್ನು ನಾನು ಗಾಳಿಯ ಇನ್‌ಕ್ಯುಬೇಟರಿಗೆ ಒಪ್ಪಿಸುವುದಿಲ್ಲ, ಬಿಸಿನೀರಿನ ತೊಟ್ಟಿಯಾದ ವಾಟರ್ ಬಾತ್‌ಗೆ ಒಪ್ಪಿಸುತ್ತೇನೆ.

ಮುಂಭಾಗದ ಫಲಕದಲ್ಲಿ ಕಾಣುವ ಅಂಕಿ ಸೆನ್ಸರ್ ಇರುವ ಒಂದು ಬಿಂದುವಿನದು ಮಾತ್ರ. ಮೇಲಿನ ಶೆಲ್ಫಿನ ಹಿಂಬದಿ ಮೂಲೆಯಲ್ಲಿರುವ ಪೆಟ್ರಿ ಡಿಶ್ (ಸೂಕ್ಷ್ಮಜೀವಿ ಬೆಳೆಸುವ ಚಪ್ಪಟೆ ಬಟ್ಟಲು) ಅನುಭವಿಸುವ ಬಿಸಿ ಬೇರೆಯೇ ಇರಬಹುದು. ಕೊಟೇಶನ್‌ನಲ್ಲಿ ಅನೇಕರು ಬರೆಯುವ ನಿಖರತೆ ಆ ಒಂದು ಬಿಂದುವಿಗೆ ಸಂಬಂಧಿಸಿದ್ದು. ನೀವು ಕೇಳಬೇಕಾದದ್ದು ಇಡೀ ಒಳಾವರಣದಲ್ಲಿ ಒಂದೇ ಸಮಯಕ್ಕೆ ಇರುವ ವ್ಯತ್ಯಾಸ. ಫ್ಯಾನ್ ಇರುವ ಯಂತ್ರದಲ್ಲಿ ಈ ವ್ಯತ್ಯಾಸ ಕಡಿಮೆ, ಬಾಗಿಲು ತೆರೆದು ಮುಚ್ಚಿದ ಮೇಲೆ ಬಿಸಿಯೂ ಬೇಗ ಮರಳುತ್ತದೆ. ಆದರೆ ಗಾಳಿಯ ಓಡಾಟದಿಂದ ಡಿಶ್ಶಿನೊಳಗಿನ ಪೋಷಕ ಪದರವಾದ ಅಗರ್ ಒಣಗುತ್ತದೆ, ಬೂಸ್ಟಿನ ಕಣಗಳು ಒಂದು ಡಿಶ್‌ನಿಂದ ಇನ್ನೊಂದಕ್ಕೆ ಹರಡುತ್ತವೆ. ಐದು ದಿನ ಇಡುವ ಬೂಸ್ಟಿನ ಡಿಶ್‌ಗಳಿಗೆ ವೇಗ ತಗ್ಗಿಸಬಹುದಾದ ಫ್ಯಾನ್ ಇರುವುದನ್ನೇ ಆರಿಸಿ. ಆರಕ್ಕಿಂತ ಹೆಚ್ಚು ಡಿಶ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ನಡುವಿನವು ನಿಧಾನವಾಗಿ ಬಿಸಿಯಾಗುತ್ತವೆಯಾದ್ದರಿಂದ, ಬೇಕಾದ ಲೀಟರನ್ನು ಈ ಲೆಕ್ಕದಲ್ಲೇ ನಿರ್ಧರಿಸಬೇಕು.

ಜೀವಕೋಶ ಬೆಳೆಸುವ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರಿಗೆ ನಮ್ಮ ಊರಿನ ಎತ್ತರವೂ ಒಂದು ಅಂಶ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದು ಇಲ್ಲಿ ಗಾಳಿಯ ಒತ್ತಡ ಹತ್ತು ಪ್ರತಿಶತದಷ್ಟು ಕಡಿಮೆ. ಹೀಗಾಗಿ ಫಲಕದಲ್ಲಿ 5 ಪ್ರತಿಶತ ಎಂದಿದ್ದರೂ ಕೋಶ ಬೆಳೆಸುವ ದ್ರಾವಣದಲ್ಲಿ ಕರಗುವ ಅನಿಲ ಕರಾವಳಿಯಲ್ಲಿ ಕರಗುವಷ್ಟು ಇರುವುದಿಲ್ಲ, ಬೈಕಾರ್ಬನೇಟ್ ಇರುವ ದ್ರಾವಣ ತುಸು ಕ್ಷಾರೀಯವಾಗುತ್ತದೆ. ವ್ಯತ್ಯಾಸ ಸಣ್ಣದೇ ಆದರೂ ಸೂಕ್ಷ್ಮ ಕೋಶಗಳೊಡನೆ ಕೆಲಸ ಮಾಡುವವರು ದ್ರಾವಣದ ಪಿಎಚ್ ಅಳೆದು, ಅಗತ್ಯವಿದ್ದರೆ ಫಲಕದ ಅನಿಲದ ಅಂಕಿಯನ್ನು ಐದೂವರೆ ಪ್ರತಿಶತಕ್ಕೆ ಏರಿಸಿಕೊಳ್ಳಬೇಕು. ಈ ಅನಿಲವನ್ನು ಅಳೆಯುವ ಸೆನ್ಸರ್ ಅವಗೆಂಪು (ಇನ್ಫ್ರಾರೆಡ್) ಕಿರಣದ್ದಾಗಿದ್ದರೆ ಒಳ್ಳೆಯದು. ಉಷ್ಣವಾಹಕತೆಯನ್ನು ಅವಲಂಬಿಸಿದ ಸೆನ್ಸರ್, ಬಾಗಿಲು ತೆರೆದಾಗ ತೇವಾಂಶ ಬದಲಾದೊಡನೆ ತಪ್ಪು ಅಂಕಿ ಕೊಡುತ್ತದೆ. ಕರೆಂಟ್ ಪದೇ ಪದೇ ಹೋಗುವ ಬಡಾವಣೆಯಲ್ಲಿ ನೀರಿನ ಹೊದಿಕೆಯ ಯಂತ್ರ ಬಿಸಿಯನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ, ಆದರೆ ಅದು ಭಾರ, ನಿರ್ವಹಣೆಯೂ ಹೆಚ್ಚು. ಯುಪಿಎಸ್ ಇದ್ದವರಿಗೆ ನಾನು ಅದನ್ನು ಒತ್ತಾಯಿಸುವುದಿಲ್ಲ.

ಖರೀದಿ ಆದೇಶದಲ್ಲಿ ಒಂದು ಷರತ್ತನ್ನು ತಪ್ಪದೆ ಬರೆಸಿ: ಯಂತ್ರವನ್ನು ನಿಮ್ಮದೇ ಕೋಣೆಯಲ್ಲಿ, ನಿಮ್ಮ ಡಿಶ್‌ಗಳನ್ನು ತುಂಬಿಸಿ, ಎಂಟು ಮೂಲೆ ಹಾಗೂ ನಡುವಿನಲ್ಲಿ ಒಂಬತ್ತು ಸೆನ್ಸರ್‌ಗಳನ್ನಿಟ್ಟು 24 ಗಂಟೆ ದಾಖಲಿಸಿದ ಮೇಲೆಯೇ ಕೊನೆಯ ಕಂತಿನ ಹಣ. ಆ ಸೆನ್ಸರ್‌ಗಳ ತಂತಿ ಒಳಗೆ ಹೋಗಲು ಪಕ್ಕದ ಗೋಡೆಯಲ್ಲಿ ಮುಚ್ಚಳವಿರುವ ರಂಧ್ರ ಇದೆಯೇ ಎಂಬುದನ್ನು ಆದೇಶಕ್ಕೆ ಮೊದಲೇ ಕೇಳಿ. ಇಲ್ಲವಾದರೆ ತಂತಿಯನ್ನು ಬಾಗಿಲಿನ ರಬ್ಬರ್ ಸಂದಿಯಲ್ಲಿ ತೂರಿಸಬೇಕಾಗುತ್ತದೆ, ಬಿಸಿ ಅಲ್ಲಿಂದಲೇ ಸೋರುತ್ತದೆ.