ಬಯೋಮಾರ್ಕರ್ ಪರೀಕ್ಷೆ: ಮೊದಲು ಫಾರ್ಮಲಿನ್ ಡಬ್ಬಿ ನೋಡಿ

ಕ್ಯಾನ್ಸರ್ ಗಡ್ಡೆಗೆ ಯಾವ ಔಷಧ ಹಿಡಿಸಬಹುದು ಎಂದು ತಿಳಿಸುವ ಪ್ರೋಟೀನ್ ಅಥವಾ ಜೀನ್ ಗುರುತುಗಳೇ ಬಯೋಮಾರ್ಕರ್. ಸ್ತನ ಕ್ಯಾನ್ಸರ್‌ಗೆ ಇಆರ್, ಪಿಆರ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್‌ಗಳ ಗ್ರಾಹಕಗಳು), ಹರ್-2. ಶ್ವಾಸಕೋಶಕ್ಕೆ ಇಜಿಎಫ್‌ಆರ್, ಎಎಲ್‌ಕೆ. ದೊಡ್ಡ ಕರುಳಿಗೆ ಎಂಎಂಆರ್. ಪರೀಕ್ಷೆಗೆ ಓದುವಾಗ ಇವನ್ನೆಲ್ಲ ಬಾಯಿಪಾಠ ಮಾಡುತ್ತೇವೆ. ಆದರೆ ರಿಪೋರ್ಟ್ ಸರಿ ಬರುತ್ತದೋ ಇಲ್ಲವೋ ಅನ್ನೋದು ಎಷ್ಟೋ ಸಲ ಸ್ಟೇನ್ (ಬಣ್ಣ) ಹಾಕುವ ಮೊದಲೇ ತೀರ್ಮಾನವಾಗಿರುತ್ತದೆ.

ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಆಪರೇಷನ್ ಆಗಿ, ಗಡ್ಡೆ ಶಿವಮೊಗ್ಗದ ಲ್ಯಾಬಿಗೆ ಬರಬೇಕು ಅಂದುಕೊಳ್ಳಿ. ರಕ್ತ ಸಂಚಾರ ನಿಂತ ಕೂಡಲೇ ಪ್ರೋಟೀನ್ ಕೆಡಲು ಶುರು. 1 ಗಂಟೆಯೊಳಗೆ ಗಡ್ಡೆ ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಇಡುವ ಫಾರ್ಮಾಲ್ಡಿಹೈಡ್ ದ್ರಾವಣ) ಇರಬೇಕು. ಮಳೆಗಾಲದ ದಾರಿಯನ್ನು ನಂಬಿ ಕೂರುವ ಹಾಗಿಲ್ಲ. ಥಿಯೇಟರ್‌ನಲ್ಲೇ ಹಾಕಬೇಕು. ಸಲೈನ್‌ನಲ್ಲಿ ಕಳಿಸಿದರೆ ಕೆಡುವುದು ನಿಲ್ಲುವುದಿಲ್ಲ.

ಇಡೀ ಸ್ತನವನ್ನು ಡಬ್ಬಿಗೆ ಇಳಿಸಿ ಸುಮ್ನೆ ಮುಚ್ಚಳ ಹಾಕಿದರೂ ಸಾಲದು. ಕೊಬ್ಬಿನೊಳಗೆ ಫಾರ್ಮಲಿನ್ ಬೇಗ ಇಳಿಯುವುದಿಲ್ಲ. ಮರುದಿನ ಕೊಯ್ದರೆ ಅಂಚು ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ, ನಡುವೆ ಇನ್ನೂ ಕೆಂಪಗೆ, ಮೆತ್ತಗೆ. ಗಡ್ಡೆ ಅಲ್ಲೇ ಇದ್ದರೆ ಇಆರ್ ಸುಳ್ಳು ನೆಗೆಟಿವ್ ಬರಬಹುದು. ಹಾರ್ಮೋನ್ ತಡೆಯುವ ಮಾತ್ರೆಯಿಂದ ಅನುಕೂಲ ಆಗಬೇಕಿದ್ದ ಹೆಂಗಸಿಗೆ ಆಗ ಆ ಮಾತ್ರೆಯೇ ಸಿಗುವುದಿಲ್ಲ. ನೆನೆಸಿಕೊಂಡರೇ ಸಂಕಟವಾಗುತ್ತದೆ. ಹಾಗಾಗಿ ಸರ್ಜನ್ ಜೊತೆ ಮೊದಲೇ ಮಾತಾಡಿ, ಅಂಚಿನ ಗುರುತು ಕೆಡದ ಹಾಗೆ 5ರಿಂದ 10 ಮಿಲಿಮೀಟರ್ ಅಂತರದಲ್ಲಿ ಸೀಳಿಡಬೇಕು. ಫಾರ್ಮಲಿನ್ ತುಣುಕಿನ 10 ಪಟ್ಟು ಇರಲಿ.

ಫಾರ್ಮಲಿನ್‌ಗೆ ಬರೀ ನೀರು ಬೆರೆಸಿದರೆ ಅದು ಹುಳಿಯಾಗಿ ಡಿಎನ್‌ಎ ತುಂಡಾಗುತ್ತದೆ. 100 ಮಿಲಿ ಅಂಗಡಿ ಫಾರ್ಮಲಿನ್, 900 ಮಿಲಿ ನೀರು, ಜೊತೆಗೆ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಹುಳಿಯಾಗದಂತೆ ತಡೆಯುವ ಬಫರ್ ಇಷ್ಟೇ. ಖರ್ಚೂ ಜಾಸ್ತಿ ಇಲ್ಲ.

ಸ್ತನದ ಮಾದರಿ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು. ಸೂಜಿಯಲ್ಲಿ ತೆಗೆದ ಸಣ್ಣ ಎಳೆಗೆ 2 ಗಂಟೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಇಂಥ ಸಣ್ಣ ಎಳೆಯೊಳಗೆ ಫಾರ್ಮಲಿನ್ ಹೋಗುವುದು ಬೇಗ, ಆದರೆ ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟುವುದು ನಿಧಾನ. ಇನ್ನೊಂದು ಕಡೆ, ಶನಿವಾರ ಮಧ್ಯಾಹ್ನ ಆಪರೇಷನ್ ಆಗಿ ಸೋಮವಾರವೂ ರಜೆ ಬಂದರೆ 72 ಗಂಟೆ ದಾಟುವುದು ಸುಲಭ. ಆದ್ದರಿಂದ ಫಾರಂನಲ್ಲಿ ಎರಡು ಸಮಯ ಇರಲೇಬೇಕು: ಗಡ್ಡೆ ತೆಗೆದದ್ದು ಯಾವಾಗ, ಫಾರ್ಮಲಿನ್‌ಗೆ ಹಾಕಿದ್ದು ಯಾವಾಗ. ಖಾಲಿ ಬಿಟ್ಟಿದ್ದರೆ ಆವತ್ತೇ ಫೋನ್ ಮಾಡಿ ಕೇಳಿ.

ಇನ್ನು ಮೈಕ್ರೋಸ್ಕೋಪ್ ಮುಂದೆ. ಗಡ್ಡೆಯ 1%ಕ್ಕಿಂತ ಕಡಿಮೆ ಜೀವಕೋಶಗಳಲ್ಲಿ ನ್ಯೂಕ್ಲಿಯಸ್‌ಗೆ ಬಣ್ಣ ಬಂದಿದ್ದರೆ ಇಆರ್ ನೆಗೆಟಿವ್. ಹಾಗೆ ಬರೆಯುವ ಮುಂಚೆ ಪಕ್ಕದ ಮಾಮೂಲಿ ಹಾಲಿನ ನಾಳ ನೋಡಿ. ಅದರಲ್ಲಿ ಕೆಲವು ಜೀವಕೋಶಗಳಿಗಾದರೂ ಬಣ್ಣ ಬಂದಿರಬೇಕು. ಬಂದಿಲ್ಲವೆಂದರೆ ರಿಪೋರ್ಟ್ ತಡೆಹಿಡಿದು, ಬೇರೆ ಬ್ಲಾಕ್‌ನಲ್ಲೋ (ಮೇಣದಲ್ಲಿ ಹುದುಗಿಸಿದ ತುಣುಕು) ಆಪರೇಷನ್‌ಗೆ ಮುಂಚಿನ ಬಯಾಪ್ಸಿ ಬ್ಲಾಕ್‌ನಲ್ಲೋ ಮತ್ತೆ ಮಾಡಿ.