ಏರಿಗಿಂತ ಮೊದಲು ಕೋಡಿ ನೋಡಿ

ಅಡಿಕೆ ತೋಟದ ಮೇಲ್ಗಡೆ, ಎರಡು ಗುಡ್ಡೆಗಳ ನಡುವೆ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸುವುದು ನಮ್ಮ ಕಡೆಗೆ ಹೊಸದಲ್ಲ. ಹಿರಿಯರ ಮದಕಗಳೂ ಇದೇ ಉಪಾಯ. ಈಗ ಕಾರ್ಕಳ, ಹೆಬ್ರಿ ಕಡೆಯ ಕೃಷಿಕರು ಜಾಗ ನೋಡಲು ಕರೆದಾಗ ಮೊದಲು ಕೇಳುವುದು, "ಸಾರ್, ಏರಿ ಎಷ್ಟು ಎತ್ತರ ಮಾಡಬಹುದು?" ನಾನು ಮೊದಲು ಕೇಳುವುದು ಬೇರೆ. ಕೆರೆ ತುಂಬಿದ ಮೇಲೂ ನೀರು ಬರುತ್ತಲೇ ಇರುತ್ತದೆ. ಅದು ಎಲ್ಲಿಂದ ಹೊರಗೆ ಹೋಗಬೇಕು? ಆ ದಾರಿಯೇ ಕೋಡಿ.

ಕಾಂಕ್ರೀಟಿನ ಕಿಂಡಿ ಅಣೆಕಟ್ಟಿನ ತಲೆ ಮೇಲೆ ನೀರು ಹರಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮಣ್ಣಿನ ಏರಿಯ ಮೇಲೆ ಹರಿಯಲೇಬಾರದು. ಒಂದು ಗೇಣು ನೀರು ಹತ್ತಿ ಇಳಿದರೂ ಹೊರಮೈ ಕೊಚ್ಚಲು ಶುರುವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಏರಿಯೇ ಇಲ್ಲದಂತಾಗಬಹುದು.

ಒಂದು ಲೆಕ್ಕ ಹಾಕೋಣ. ಕೆರೆಗೆ ನೀರು ಕೊಡುವ ಗುಡ್ಡೆ 25 ಎಕರೆ ಇದೆ ಎಂದುಕೊಳ್ಳಿ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನೆಲ ನೆನೆದು ತುಂಬಿರುವಾಗ ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಹೊಡೆಯುತ್ತದೆ. ಅದರಲ್ಲಿ ನೂರಕ್ಕೆ 60 ಪಾಲು ಹರಿದು ಬಂದರೂ ಗಂಟೆಗೆ ಸುಮಾರು 60 ಲಕ್ಷ ಲೀಟರ್. ಅಂದರೆ ಸೆಕೆಂಡಿಗೆ ಸುಮಾರು 1,700 ಲೀಟರ್. ಮೇಲೆ ಮುರಕಲ್ಲಿನ ಪಾರೆ, ಅಂದರೆ ಜಂಬಿಟ್ಟಿಗೆಯ ಬಂಡೆಹಾಸು ಇದ್ದರೆ ಇನ್ನೂ ಜಾಸ್ತಿ. ಇದನ್ನು ಹೊರಗೆ ಬಿಡಲು ಸುಮಾರು 6 ಮೀಟರ್ ಅಗಲದ ಕೋಡಿ ಬೇಕು. ಅಷ್ಟು ಅಗಲ ಇದ್ದರೂ ಅದರ ಮೇಲೆ ಒಂದು ಅಡಿ ನೀರು ನಿಲ್ಲುತ್ತದೆ. ನಾನು ನೋಡುವ ಎಷ್ಟೋ ಕೆರೆಗಳಲ್ಲಿ ಕೋಡಿಯ ಬದಲು ಏರಿಯಲ್ಲಿ ಒಂದು 8 ಇಂಚಿನ ಪಿವಿಸಿ ಪೈಪ್ ಇರುತ್ತದೆ. ಅದರಲ್ಲಿ ಸೆಕೆಂಡಿಗೆ 100 ಲೀಟರ್ ಹೋಗುವುದೂ ಕಷ್ಟ. ಒಂದು ತೆಂಗಿನ ಗರಿ, ನಾಲ್ಕು ಅಡಿಕೆ ಹಾಳೆ ಬಂದು ಅಡ್ಡ ನಿಂತರೆ ಅದೂ ಇಲ್ಲ.

ಕೋಡಿಯನ್ನು ಏರಿಯ ಮೇಲೆ ಮಾಡಬೇಡಿ. ಪಕ್ಕದಲ್ಲಿ, ಗುಡ್ಡೆಯ ಗಟ್ಟಿ ನೆಲದಲ್ಲಿ ಕಡಿದು, ಕಲ್ಲು ಹಾಸಿ, ನೀರನ್ನು ಏರಿಯ ಬುಡದಿಂದ ದೂರಕ್ಕೆ ಕೊಂಡೊಯ್ದು ತೋಡಿಗೆ ಸೇರಿಸಬೇಕು. ಕೋಡಿ ಪೂರ್ತಿ ಹರಿಯುವಾಗಲೂ ಏರಿಯ ತಲೆ ನೀರಿಗಿಂತ ಮೂರು ಅಡಿ ಮೇಲಿರಲಿ.

ಇನ್ನು ಮಣ್ಣು. ನಮ್ಮಲ್ಲಿ ಮೇಲಿನ ಕೆಂಪು ಮಣ್ಣು, ಮುರಕಲ್ಲು ತೆಗೆದ ಕೂಡಲೇ ಸಿಗುವುದು ಶೇಡಿ ಮಣ್ಣು. ಬಿಳಿ, ತಿಳಿ ಹಳದಿ, ಗುಲಾಬಿ ಬಣ್ಣದ್ದು, ಹಿಟ್ಟಿನಷ್ಟು ನುಣುಪು. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೆನೆದರೆ ಶಕ್ತಿಯೆಲ್ಲ ಹೋಗುತ್ತದೆ. ಹರಿವ ನೀರಿಗೆ ಬಲು ಬೇಗ ಕರಗಿ ಹೋಗುತ್ತದೆ. ಹಿಟಾಚಿಯವರು ಕೆರೆ ಅಗೆದು ಬಂದ ಇದೇ ಮಣ್ಣನ್ನು ಸುಮ್ನೆ ಏರಿಗೆ ಸುರಿದು, ಬಕೆಟ್‌ನಿಂದ ತಟ್ಟಿ ಹೋಗುತ್ತಾರೆ. ಅದು ಏರಿಯಲ್ಲ, ರಾಶಿ. ಅಂಟುಳ್ಳ ಕೆಂಪು ಮಣ್ಣು ಬೇಕು. ಅರ್ಧ ಅಡಿಯ ಪದರ ಹಾಕಿ, ಹದಕ್ಕೆ ನೀರು ಚಿಮುಕಿಸಿ, ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ. ನೀರಿನ ಬದಿಯ ಇಳಿಜಾರು ಒಂದು ಪಾಲು ಎತ್ತರಕ್ಕೆ ಮೂರು ಪಾಲು ಅಗಲ, ಹೊರಬದಿ ಎರಡೂವರೆ ಇದ್ದರೆ ಒಳ್ಳೆಯದು. ಜಾಗ ಹೋಗುತ್ತದೆ ನಿಜ. ಕೆರೆಯನ್ನು ದಿಢೀರ್ ಖಾಲಿ ಮಾಡಿದರೂ ಒಳಮೈ ಜಾರುತ್ತದೆ. ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬೇಡಿ.

ಹೊರಬದಿಯ ಬುಡದಲ್ಲಿ ಸ್ವಲ್ಪ ಒಸರು ಇದ್ದೇ ಇರುತ್ತದೆ. ಗಾಬರಿ ಬೇಡ. ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ನೀರು ತಿಳಿಯಾಗಿದ್ದು, ದಿನದಿಂದ ದಿನಕ್ಕೆ ಹೆಚ್ಚಾಗದಿದ್ದರೆ ಗಮನ ಇಟ್ಟರೆ ಸಾಕು. ಕದಡಿದ್ದರೆ, ತಳದಲ್ಲಿ ಮಣ್ಣು ಕೂತರೆ, ಏರಿ ಒಳಗಿನಿಂದ ತೊಳೆದು ಹೋಗುತ್ತಿದೆ ಎಂದರ್ಥ. ಏರಿಯೊಳಗಿನ ಪೈಪಿನ ಸುತ್ತ ಇದು ಹೆಚ್ಚು, ಏಕೆಂದರೆ ಅಲ್ಲಿ ಮಣ್ಣು ಸರಿಯಾಗಿ ದಮ್ಮಾಸು ಆಗಿ ಗಟ್ಟಿ ಕೂತಿರುವುದಿಲ್ಲ. ಆಗ ಎಲ್ಲರೂ ಮಾಡುವುದು ಸಿಮೆಂಟ್ ಹಾಕಿ ತೂತು ಮುಚ್ಚುವುದು. ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಿದ ನೀರು ಇನ್ನೊಂದು ದಾರಿ ಹುಡುಕುತ್ತದೆ. ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಕಿ. ನೀರು ಹೊರಗೆ ಬರಲಿ, ಮಣ್ಣು ಬರಬಾರದು. ಜೊತೆಗೇ ಪಂಪ್ ಅಥವಾ ಸೈಫನ್ ಹಚ್ಚಿ ಕೆರೆಯ ಮಟ್ಟ ಇಳಿಸಿ, ಕೆಳಗಿನ ಮನೆಯವರನ್ನು ಎಬ್ಬಿಸಿ, ಇಂಜಿನಿಯರನ್ನು ಕರೆಯಿರಿ.

ಏರಿಯ ಮೇಲೆ ತೆಂಗು, ಮಾವು ನೆಡಬೇಡಿ. ಸತ್ತ ಮರದ ಬೇರು ಕೊಳೆತರೆ ಅದೇ ನೀರಿನ ಕೊಳವೆ. ಲಾಮಂಚ, ಹುಲ್ಲು ಸಾಕು. ಹೆಗ್ಗಣ, ಮುಳ್ಳುಹಂದಿಯ ಬಿಲಗಳನ್ನು ಬೇಸಗೆಯಲ್ಲೇ ಅಗೆದು ತುಂಬಿ. ಹುತ್ತ ಎದ್ದಿದ್ದರೆ ಮುಟ್ಟಲು ಹಿಂಜರಿಕೆ ಇರುತ್ತದೆ, ಅದು ಅರ್ಥವಾಗುತ್ತದೆ. ಹಿರಿಯರನ್ನು ಕೇಳಿ ಮಾಡಬೇಕಾದ್ದು ಮಾಡಿ, ಆದರೆ ಹಾಗೇ ಬಿಡಬೇಡಿ.

ಎತ್ತರದ ಪ್ರಶ್ನೆಗೆ ಬರೋಣ. ಅದಕ್ಕೆ ಮೊದಲು ನಿಮಗೆ ಎಷ್ಟು ನೀರು ಬೇಕು ಎಂದು ನೋಡಬೇಕು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ 550 ಮರ ಎಂದರೆ ಸುಮಾರು 10,000 ಲೀಟರ್, ನಾಲ್ಕು ತಿಂಗಳಿಗೆ 12 ಲಕ್ಷ. 40 ಮೀಟರ್ ಉದ್ದಗಲ, ಸರಾಸರಿ ಎರಡೂವರೆ ಮೀಟರ್ ಆಳದ ಕೆರೆಯಲ್ಲಿ 40 ಲಕ್ಷ ಲೀಟರ್ ನಿಲ್ಲುತ್ತದೆ. ಬಿಸಿಲಿಗೆ ಆರುವುದನ್ನು, ಇಂಗುವುದನ್ನು ಕಳೆದರೂ ಎರಡು ಎಕರೆ ನಡೆಯಬಹುದು. ಇಂಗಿದ್ದೂ ಪೂರ್ತಿ ನಷ್ಟವಲ್ಲ, ಕೆಳಗಿನ ಬಾವಿಗೆ ಬರುತ್ತದೆ. ಅರ್ಧ ಆಳವನ್ನು ನೆಲ ಅಗೆದೇ ಪಡೆದರೆ ಏರಿ ಇನ್ನೂ ತಗ್ಗುತ್ತದೆ. ನೆಲಮಟ್ಟಕ್ಕಿಂತ ಕೆಳಗಿನ ನೀರು ಏರಿ ಒಡೆದರೂ ಯಾರ ಮನೆಗೂ ನುಗ್ಗುವುದಿಲ್ಲ ಅಲ್ವಾ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತಿನಡಿ 10 ಮೀಟರ್ ದಾಟಿದವಕ್ಕೆ. ನಿಮ್ಮ ಕೆರೆ ಅದರಡಿ ಬರುವುದಿಲ್ಲ. ಅಂದರೆ ಆ ಕಾಯ್ದೆಯ ಲೆಕ್ಕದಲ್ಲಿ ಯಾರೂ ಬಂದು ತಪಾಸಣೆ ಮಾಡುವುದಿಲ್ಲ, ನೋಡಬೇಕಾದವರು ನೀವೇ. 2018ರ ಮೇ ತಿಂಗಳಲ್ಲಿ ಕೀನ್ಯಾದ ಸೋಲಾಯಿಯಲ್ಲಿ ಒಂದು ಖಾಸಗಿ ತೋಟದ ಮಣ್ಣಿನ ಅಣೆಕಟ್ಟು ರಾತ್ರಿ ಒಡೆದು 40ಕ್ಕೂ ಹೆಚ್ಚು ಜನ ಸತ್ತರು. 2019ರ ಜುಲೈಯಲ್ಲಿ ರತ್ನಾಗಿರಿಯ ತಿವರೆ ಅಣೆಕಟ್ಟು ಒಡೆದಿದ್ದೂ ರಾತ್ರಿಯೇ. ಅದೂ ಮಣ್ಣಿನದ್ದು, ಮಳೆಯೂ ನಮ್ಮದರಂಥದ್ದೇ.

ಆದ್ದರಿಂದ ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಕೋಡಿಯ ಹುಲ್ಲು, ಕಸ ತೆಗೆದು ಮುಗಿಸಿ. ಕೋಡಿಗೆ ಮೀನು ಹೋಗಬಾರದೆಂದು ಬಲೆ ಕಟ್ಟಿದ್ದರೆ ಬಿಚ್ಚಿ, ಬಲೆಗೆ ಕಸ ಸಿಕ್ಕಿದರೆ ಅದೇ ಗೋಡೆಯಾಗುತ್ತದೆ. ಕಾಟ್ಲಾ, ರೋಹು ನಾಲ್ಕು ಹೋದರೆ ಹೋಗಲಿ. ತೋಡಿನ ಕೆಳಗಿನ ಮನೆಗಳಿಗೆ ಒಮ್ಮೆ ಹೋಗಿ, ಮೇಲೆ ಎಷ್ಟು ನೀರಿದೆ ಎಂದು ಹೇಳಿ, ಅವರ ಫೋನ್ ನಂಬರ್ ಬರೆದುಕೊಂಡು ಬನ್ನಿ.